ಕಥೆ ಕೆಟ್ಟದಾಗಿದ್ದರೆ ನಗಬಹುದೇ? ಅಭಿಮಾನಿ ಬರಹ, ಟ್ರೋಲ್ ಮತ್ತು ನಡುವಿನ ಗೆರೆ

2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆಗೆ ವಿಧಾನಸಭೆ, ವಿಧಾನ ಪರಿಷತ್ತು ಎರಡೂ ಒಪ್ಪಿಗೆ ಕೊಟ್ಟವು. ಅದಕ್ಕೆ ಐದು ತಿಂಗಳ ಮೊದಲು, ಜುಲೈನಲ್ಲಿ, ನಟಿ ರಮ್ಯಾ ತಮಗೆ ಬಂದ ಅಶ್ಲೀಲ ಸಂದೇಶಗಳನ್ನಿಟ್ಟುಕೊಂಡು ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟಿದ್ದರು, ಬಂಧನಗಳೂ ಆದವು. ಎರಡೂ ಸುದ್ದಿಯನ್ನು ಒಟ್ಟಿಗೆ ಓದಿದವರಿಗೆ ಗೊಂದಲ ಸಹಜ. ಆನ್‌ಲೈನ್‌ನಲ್ಲಿ ಇನ್ನು ಯಾರನ್ನೂ ಆಡಿಕೊಳ್ಳುವಂತಿಲ್ಲವೇ? ಕೆಟ್ಟದ್ದನ್ನು ಕೆಟ್ಟದ್ದು ಎಂದರೂ ಠಾಣೆ ಮೆಟ್ಟಿಲು ಹತ್ತಬೇಕೇ?

ರಾಜಕಾರಣಿಗಳ ಭಾಷಣದ ವಿಷಯದಲ್ಲಿ ಈ ಪ್ರಶ್ನೆಯನ್ನು ಎಲ್ಲರೂ ಚರ್ಚಿಸುತ್ತಿದ್ದಾರೆ. ಚರ್ಚೆಗೆ ಬಾರದ ಇನ್ನೊಂದು ಜಾಗವಿದೆ. ದಾವಣಗೆರೆಯ ಹಾಸ್ಟೆಲ್ ಕೋಣೆಯಲ್ಲೋ ಚಳ್ಳಕೆರೆಯ ಮನೆಯ ಅಟ್ಟದ ಮೇಲೋ ಕೂತು ಮೊಬೈಲ್‌ನಲ್ಲಿ ಅಭಿಮಾನಿ ಕಥೆ ಬರೆಯುವವರ ಜಾಗ ಅದು. ಧಾರಾವಾಹಿಯ ನಾಯಕ ನಾಯಕಿಗೆ ಚಾನೆಲ್ ಕೊಡದ ಮದುವೆಯನ್ನು ಕೊಡುವ ಕಥೆ, ಮೆಚ್ಚಿನ ನಟನನ್ನು ಕಲ್ಲಿನ ಕೋಟೆಗೆ ಕರೆತರುವ ಕಥೆ, ಸಿನಿಮಾದಲ್ಲಿ ಸತ್ತ ಪಾತ್ರವನ್ನು ಬದುಕಿಸುವ ಕಥೆ. ಬರೆಯುವವರು ಅದನ್ನು ಫ್ಯಾನ್ ಫಿಕ್ಷನ್ ಅಥವಾ ಬರೀ ಎಫ್‌ಎಫ್ ಎನ್ನುತ್ತಾರೆ. ಅದರ ಸ್ಕ್ರೀನ್‌ಶಾಟ್ ತೆಗೆದು, ಸಾಲಿಗೊಂದು ಟಾಂಗ್ ಸೇರಿಸಿ, ಅಳುವ ದನಿಯಲ್ಲಿ ಓದಿ ರೀಲ್ ಮಾಡುವವರೂ ಅದೇ ವಯಸ್ಸಿನವರು, ಎಷ್ಟೋ ಸಲ ಅದೇ ಕಾಲೇಜಿನವರು. ಹೀಗೆ ಮಾಡುವುದು ತಪ್ಪೇ, ತಪ್ಪಾದರೆ ಯಾವಾಗ ತಪ್ಪು ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಮಸೂದೆ ಗುರಿಯಿಟ್ಟಿರುವುದು ಗೇಲಿಯನ್ನಲ್ಲ. ಧರ್ಮ, ಜಾತಿ, ಸಮುದಾಯ, ಲಿಂಗ, ಲೈಂಗಿಕ ಒಲವು, ಹುಟ್ಟೂರು, ವಾಸದ ಸ್ಥಳ, ಭಾಷೆ, ಅಂಗವೈಕಲ್ಯ ಇಂಥ ಕಾರಣಗಳಿಗಾಗಿ ಒಬ್ಬ ವ್ಯಕ್ತಿಯ ಮೇಲೋ ಗುಂಪಿನ ಮೇಲೋ ದ್ವೇಷ ಹುಟ್ಟಿಸುವ ಮಾತನ್ನು ಅದು ಅಪರಾಧ ಎನ್ನುತ್ತದೆ. ಮೊದಲ ಸಲದ ತಪ್ಪಿಗೆ ಒಂದರಿಂದ ಏಳು ವರ್ಷದ ಸಜೆ. ರಾಜ್ಯಪಾಲರ ಅಥವಾ ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲಷ್ಟೇ ಮಸೂದೆ ಕಾಯ್ದೆಯಾಗುತ್ತದೆ. ಇಲ್ಲಿ ಮುಖ್ಯವಾದದ್ದು ಇಷ್ಟು: ‘ಈ ಕಥೆಗೆ ತಲೆಬುಡ ಇಲ್ಲ’ ಎಂಬ ಮಾತು ಈ ಪಟ್ಟಿಯ ಹತ್ತಿರಕ್ಕೂ ಬರುವುದಿಲ್ಲ. ‘ಈ ಜಾತಿಯವರು ಬರೆದರೆ ಹೀಗೇ’ ಎಂಬ ಮಾತು ನೇರವಾಗಿ ಅದರೊಳಗೆ ಬಂದು ಕೂರುತ್ತದೆ.

ಗೊಂದಲಕ್ಕೆ ಇನ್ನೊಂದು ಹಳೆಯ ಕಾರಣವೂ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಮನಸ್ಸಿಗೆ ಕಿರಿಕಿರಿಯಾಗುವ ಸಂದೇಶ ಕಳಿಸಿದರೂ ಜೈಲು ಎನ್ನುತ್ತಿತ್ತು. ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಅದನ್ನು ರದ್ದು ಮಾಡಿತು. ಆದರೂ ‘ಆನ್‌ಲೈನ್‌ನಲ್ಲಿ ಬೈದರೆ ಕೇಸು’ ಎಂಬ ಅಂದಿನ ತಿಳಿವಳಿಕೆ ಜನರ ತಲೆಯಿಂದ ಹೋಗಿಲ್ಲ. ಬೇಸರವಾಯಿತು ಎಂಬುದಷ್ಟೇ ಇಂದು ಅಪರಾಧವಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನ ಮಾನಹಾನಿ, 351ರ ಬೆದರಿಕೆ, ಹೆಣ್ಣುಮಕ್ಕಳ ಬೆನ್ನು ಹತ್ತುವುದನ್ನು ತಡೆಯುವ 78, ಅಶ್ಲೀಲ ಬರಹ ಚಿತ್ರಗಳಿಗೆ ಐಟಿ ಕಾಯ್ದೆಯ 67, ಇವೆಲ್ಲ ಬೇರೆ. ಇವುಗಳ ಮಟ್ಟಕ್ಕೆ ಇಳಿದರೆ ಮಾತ್ರ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯ ವ್ಯಾಪ್ತಿ ಶುರು.

ಅಂದರೆ ಒಬ್ಬ ಹವ್ಯಾಸಿಯ ಕಥೆಯನ್ನು ನೋಡಿ ನಕ್ಕು ಹಂಚುವುದರ ಬಹುಭಾಗ ಕಾನೂನಿನ ಕೈಗೆ ಸಿಗುವುದಿಲ್ಲ, ಸಿಗಲೂಬಾರದು. ಅಲ್ಲಿ ಕೆಲಸ ಮಾಡಬೇಕಾದದ್ದು ನಡತೆ, ಅಂದರೆ ನಾಲ್ಕು ಜನ ಒಪ್ಪಿ ನಡೆಸಿಕೊಂಡು ಬರುವ ಮರ್ಯಾದೆ. ಕನ್ನಡದ ಆನ್‌ಲೈನ್ ಓದು ಬರಹಕ್ಕೆ ಅಂಥ ಮರ್ಯಾದೆ ಇನ್ನೂ ಗಟ್ಟಿಯಾಗಿಲ್ಲ. ಗೊಂದಲದ ಬೇರು ಇರುವುದೇ ಅಲ್ಲಿ.

ಬೇರೆಯವರ ಪಾತ್ರ, ನಮ್ಮ ಕಥೆ

ಅಭಿಮಾನಿ ಕಥೆಯನ್ನು ಹುಡುಗಾಟ ಎಂದು ತಳ್ಳಿಹಾಕುವವರು ಒಂದು ವಿಷಯ ನೆನಪಿಡಬೇಕು. ಇದ್ದ ಕಥೆಯನ್ನು ತನಗೆ ಬೇಕಾದಂತೆ ತಿರುಗಿಸಿ ಬರೆಯುವುದು ಕನ್ನಡಕ್ಕೆ ಹೊಸತಲ್ಲ. 941ರ ಸುಮಾರಿಗೆ ಪಂಪ ಭಾರತದ ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನೇ ಕಂಡು ಬರೆದ. ಮೆಚ್ಚಿದವರನ್ನು ಮೆಚ್ಚಿನ ಕಥೆಯೊಳಗೆ ಕೂರಿಸುವ ಆಸೆ ಅಷ್ಟು ಹಳೆಯದು. ಪಂಪನಿಗೂ ಇಂದಿನ ಹದಿನೇಳರ ಹುಡುಗಿಗೂ ಪ್ರತಿಭೆಯಲ್ಲಿ ಸಮ ಹೇಳುವ ಮಾತಲ್ಲ ಇದು. ಮಾಡುತ್ತಿರುವ ಕೆಲಸದ ಜಾತಿ ಒಂದೇ.

ಮೂಲದಿಂದ ಕವಲೊಡೆದದ್ದನ್ನು ಗೇಲಿ ಮಾಡುವುದೂ ಹೊಸತಲ್ಲ. ಚಿತ್ರದುರ್ಗದವರಿಗೆ ಇದರ ದೊಡ್ಡ ಉದಾಹರಣೆ ಕೈಯಳತೆಯಲ್ಲೇ ಇದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಸಿನಿಮಾ ಮಾಡಿದರು. ಕೋಟೆಯ ಬಂಡೆಗಳ ನಡುವೆಯೇ ಚಿತ್ರೀಕರಣ ನಡೆಯಿತು. ಸಿನಿಮಾ ನೋಡಿದ ಕಾದಂಬರಿಕಾರರು ಅದು ನಾಗರಹಾವಲ್ಲ, ಕೇರೆಹಾವು ಎಂದರೆಂಬ ಮಾತು ಇಂದಿಗೂ ದುರ್ಗದ ಬಾಯಲ್ಲಿದೆ. ಮಾತು ಚೂಪಾಗಿತ್ತು. ಅದನ್ನು ಯಾರೂ ಕಿರುಕುಳ ಎನ್ನಲಿಲ್ಲ. ಆಡಿದವರು ಹೆಸರಾಂತ ಲೇಖಕರು, ಆಡಿಸಿಕೊಂಡವರು ಹೆಸರಾಂತ ನಿರ್ದೇಶಕರು, ಸಿನಿಮಾ ಟಿಕೆಟ್ ಮಾರಿ ಊರೂರಿಗೆ ಹೋದದ್ದು. ಬಲ ಎರಡೂ ಕಡೆ ಇತ್ತು. ಆ ಒಂದು ಮಾತಿನಿಂದ ಪುಟ್ಟಣ್ಣ ಸಿನಿಮಾ ಬಿಡಲಿಲ್ಲ, ರಾಮಾಚಾರಿಯನ್ನು ಜನ ಮರೆಯಲೂ ಇಲ್ಲ.

ಇದೇ ಚೂಪು ಮಾತನ್ನು ಮೂವತ್ತು ಓದುಗರಿರುವ ಕಥೆಯ ಮೇಲೆ ಮೂವತ್ತು ಸಾವಿರ ಫಾಲೋವರ್ ಇರುವ ಪೇಜ್ ಬಿಟ್ಟಾಗ ಪರಿಣಾಮ ಬೇರೆಯಾಗುತ್ತದೆ. ಮಾತಿನ ಖಾರ ಅಷ್ಟೇ ಇದ್ದರೂ ಬೀಳುವ ಪೆಟ್ಟು ಅಷ್ಟೇ ಇರುವುದಿಲ್ಲ.

ಅಣಕದ ಐವತ್ತು ವರ್ಷ

ಈ ಜಗಳವನ್ನು ಇಂಗ್ಲಿಷ್ ಅಭಿಮಾನಿ ಬಳಗಗಳು ನಮಗಿಂತ ಬಹಳ ಮೊದಲೇ ಆಡಿ ಮುಗಿಸಿವೆ, ಅಥವಾ ಮುಗಿಸಲು ನೋಡಿವೆ. ಅವರ ಅನುಭವ ನಮಗೆ ಉಪಯೋಗಕ್ಕೆ ಬರುತ್ತದೆ.

1967ರ ಹೊತ್ತಿಗೇ ಅಮೆರಿಕದ ‘ಸ್ಟಾರ್ ಟ್ರೆಕ್’ ಅಭಿಮಾನಿಗಳು ತಾವೇ ಪತ್ರಿಕೆ ಅಚ್ಚು ಹಾಕಿಕೊಂಡು ಕಥೆ ಹಂಚುತ್ತಿದ್ದರು. ಹೊಸಬರು ಬರೆದ ಎಷ್ಟೋ ಕಥೆಗಳಲ್ಲಿ ಲೇಖಕಿಯನ್ನೇ ಹೋಲುವ ಒಬ್ಬ ಹದಿಹರೆಯದ ಹುಡುಗಿ ಬರುತ್ತಿದ್ದಳು, ಎಲ್ಲರಿಗಿಂತ ಜಾಣೆ, ಎಲ್ಲರಿಗಿಂತ ಚೆಲುವೆ, ನಾಯಕರೆಲ್ಲ ಅವಳಿಗೆ ಮರುಳು. 1973ರಲ್ಲಿ ಪೌಲಾ ಸ್ಮಿತ್ ಎಂಬ ಅಭಿಮಾನಿ ಇದನ್ನು ಅಣಕಿಸಿ ಪುಟ್ಟ ಕಥೆ ಬರೆದರು. ಅದರ ನಾಯಕಿ ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸೂ. ಗಮನಿಸಿ, ಅಲ್ಲಿ ಯಾವ ಒಬ್ಬ ಬರಹಗಾರ್ತಿಯ ಹೆಸರೂ ಇರಲಿಲ್ಲ, ಯಾರದೂ ಸಾಲನ್ನು ಎತ್ತಿ ತೋರಿಸಿರಲಿಲ್ಲ. ಗುರಿ ಇದ್ದದ್ದು ಒಂದು ರೂಢಿಯ ಮೇಲೆ. ಅಣಕ ಮಾಡುವ ಒಳ್ಳೆಯ ದಾರಿ ಇದು.

ಹಾಗಿದ್ದೂ ಅದರ ಪರಿಣಾಮ ಅಂದುಕೊಂಡದ್ದಕ್ಕಿಂತ ದೂರ ಹೋಯಿತು. ‘ಮೇರಿ ಸೂ’ ಎಂಬುದು ಬೈಗುಳವಾಯಿತು. ಕಥೆಯಲ್ಲಿ ಯಾವ ಗಟ್ಟಿ ಹೆಣ್ಣುಪಾತ್ರ ಬಂದರೂ ಅದೇ ಮುದ್ರೆ. ಆ ಬಳಗಗಳನ್ನು ಹತ್ತಿರದಿಂದ ಅಧ್ಯಯನ ಮಾಡಿದ ಕೆಮಿಲ್ ಬೇಕನ್ ಸ್ಮಿತ್ 1992ರ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾರೆ: ಎಲ್ಲಿ ಮೇರಿ ಸೂ ಅನ್ನುತ್ತಾರೋ ಎಂಬ ಅಂಜಿಕೆಗೆ ಹೆಂಗಸರು ಹೆಣ್ಣು ನಾಯಕಿಯರನ್ನು ಬರೆಯುವುದಕ್ಕೇ ಹಿಂಜರಿದರು. ಒಳ್ಳೆಯ ಅಣಕವೂ ಬರೀ ಬೈಗುಳವಾಗಿ ಸವೆದ ಮೇಲೆ ಕೆಟ್ಟ ಕಥೆಯ ಜೊತೆ ಒಳ್ಳೆಯ ಕಥೆಯನ್ನೂ ತಡೆಯಿತು.

1998ರಲ್ಲಿ ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಶುರುವಾದ ಮೇಲೆ ಯಾರು ಬೇಕಾದರೂ ಬರೆದು ಹಾಕುವಂತಾಯಿತು, ಜೊತೆಗೆ ಯಾರು ಬೇಕಾದರೂ ಎತ್ತಿಕೊಂಡು ಆಡಿಕೊಳ್ಳುವಂತೆಯೂ ಆಯಿತು. ಇಡೀ ಕಥೆಯನ್ನು ನಕಲು ಮಾಡಿ ಸಾಲಿನ ನಡುವೆ ಗೇಲಿ ತುರುಕುವ ಆಟವೇ ಬೆಳೆಯಿತು. ಕೊನೆಗೆ ಅಂಥ ಬರಹಕ್ಕೆ ಅವಕಾಶವಿಲ್ಲ ಎಂದು ಆ ತಾಣ ತನ್ನ ನಿಯಮದಲ್ಲೇ ಬರೆಯಬೇಕಾಯಿತು. 2006–07ರಲ್ಲಿ ಹ್ಯಾರಿ ಪಾಟರ್ ಲೋಕವನ್ನಿಟ್ಟುಕೊಂಡು ಬಂದ ‘ಮೈ ಇಮ್ಮಾರ್ಟಲ್’ ಎಂಬ ಕಥೆ ‘ಅತಿ ಕೆಟ್ಟ ಅಭಿಮಾನಿ ಕಥೆ’ ಎಂದೇ ಜಗತ್ತಿನಾದ್ಯಂತ ಹೆಸರಾಯಿತು. ಬರೆದವರು ಬೇಕೆಂದೇ ಹಾಗೆ ಬರೆದರೇ, ನಿಜಕ್ಕೂ ಅಷ್ಟೇ ಬರುತ್ತಿತ್ತೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಎರಡನೆಯದು ನಿಜವಾಗಿದ್ದರೆ, ಲಕ್ಷಾಂತರ ಜನ ವರ್ಷಗಟ್ಟಲೆ ನಕ್ಕದ್ದು ಒಂದು ಮಗುವಿನ ಬರಹಕ್ಕೆ.

ಇದೆಲ್ಲ ನೋಡಿದವರೇ ಮುಂದೆ ಬೇರೆ ವ್ಯವಸ್ಥೆ ಕಟ್ಟಿಕೊಂಡರು. 2009ರಲ್ಲಿ ಎಲ್ಲರಿಗೂ ತೆರೆದ ‘ಆರ್ಕೈವ್ ಆಫ್ ಅವರ್ ಓನ್’ ಅಭಿಮಾನಿಗಳೇ ನಡೆಸುವ ಭಂಡಾರ. ಅಲ್ಲಿ ಇಂದು ಒಂದು ಕೋಟಿಗೂ ಮಿಕ್ಕಿ ಕೃತಿಗಳಿವೆ, 2019ರಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿಯೂ ಬಂತು. ಅಲ್ಲಿ ಕಥೆಯಲ್ಲಿ ಏನೇನಿದೆ ಎಂದು ಬರೆದವರು ಮೊದಲೇ ಗುರುತು ಹಾಕುತ್ತಾರೆ. ಪ್ರತಿಕ್ರಿಯೆ ಬೇಡವೆಂದರೆ ಮುಚ್ಚುತ್ತಾರೆ, ಬೇಕಾದವರದನ್ನು ಮಾತ್ರ ಬಿಡುತ್ತಾರೆ. ‘ಇಷ್ಟವಿಲ್ಲದಿದ್ದರೆ ಓದಬೇಡಿ’ ಎಂಬುದು ಅಲ್ಲಿನವರ ನಿತ್ಯದ ಮಾತು. ಕೇಳದೆ ತಪ್ಪು ಎತ್ತಿ ತೋರಿಸುವುದನ್ನು ಅಲ್ಲಿ ಬಹಳ ಜನ ಒರಟುತನ ಎಂದೇ ಎಣಿಸುತ್ತಾರೆ.

ಎರಡು ಕಡೆಯವರ ವಾದ

ಗೇಲಿಯ ಪರವಾಗಿರುವವರ ಮಾತಿನಲ್ಲಿ ಹುರುಳಿದೆ, ಅದನ್ನು ಪೂರ್ತಿ ಕೇಳಬೇಕು. ಸಾರ್ವಜನಿಕವಾಗಿ ಹಾಕಿದ್ದನ್ನು ಸಾರ್ವಜನಿಕರು ಓದುತ್ತಾರೆ, ಓದಿದವರಿಗೆ ಅಭಿಪ್ರಾಯ ಇರುತ್ತದೆ. ಹೊಗಳಿಕೆ ಮಾತ್ರ ಬರಲಿ ಎಂದರೆ ಅದು ಓದುಗರಿಗೆ ಮಾಡುವ ಅನ್ಯಾಯ. ಕನ್ನಡದ ಕಥೆ ತಾಣಗಳಲ್ಲಿ ಒಂದೊಂದು ಅಧ್ಯಾಯದ ಕೆಳಗೂ ‘ಸೂಪರ್ ಅಕ್ಕ, ಮುಂದಿನ ಭಾಗ ಬೇಗ ಹಾಕಿ’ ಎಂಬುದರ ಹೊರತು ಬೇರೆ ಮಾತೇ ಸಿಗುವುದು ಕಷ್ಟ. ನೂರು ‘ಸೂಪರ್’ ಪಡೆದವರು ನೂರನೆಯ ಅಧ್ಯಾಯದಲ್ಲೂ ಮೊದಲನೆಯದರಲ್ಲಿ ಮಾಡಿದ ತಪ್ಪನ್ನೇ ಮಾಡುತ್ತಾರೆ. ಜೊತೆಗೆ ಕೆಲವು ಕಥೆಗಳಿಗೆ ಗೇಲಿಯೂ ಸಾಲದು, ಕಟು ಟೀಕೆಯೇ ಬೇಕು: ಹೆಣ್ಣಿನ ಕೆನ್ನೆಗೆ ಬಾರಿಸುವುದನ್ನು ಪ್ರೀತಿ ಎನ್ನುವ ಕಥೆ, ಅಪಹರಿಸಿದವನನ್ನೇ ನಾಯಕ ಮಾಡುವ ಕಥೆ. ಇವನ್ನು ಸಾವಿರಾರು ಜನ ಓದುತ್ತಿರುವಾಗ ‘ಹವ್ಯಾಸಿ, ಬಿಟ್ಟುಬಿಡಿ’ ಎನ್ನುವುದು ಹೊಣೆಗೇಡಿತನ.

ಬರೆಯುವವರ ಪರವಾಗಿರುವವರ ಮಾತೂ ಅಷ್ಟೇ ಗಟ್ಟಿ. ಅಭಿಮಾನಿ ಕಥೆಗೆ ಬೆಲೆ ಕೊಟ್ಟು ಯಾರೂ ಕೊಂಡಿಲ್ಲ, ಮೋಸ ಹೋದೆ ಎನ್ನಲು ಕಾರಣವಿಲ್ಲ. ಅದನ್ನು ಬರೆದದ್ದು ಒಂದೇ ಪಾತ್ರವನ್ನು ಮೆಚ್ಚಿದ ಕೆಲವರಿಗಾಗಿ. ಬರೆದವರಲ್ಲಿ ಬಹಳ ಜನ ಶಾಲೆಯ ಪ್ರಬಂಧ ಬಿಟ್ಟರೆ ಮೊದಲ ಸಲ ಕನ್ನಡದಲ್ಲಿ ಸ್ವಂತದ್ದೇನೋ ಬರೆಯುತ್ತಿರುವವರು. ಅವರ ಪಾಲಿಗೆ ಇದು ಕಲಿಕೆಯ ಮನೆ, ಪ್ರಕಟಣೆಯಲ್ಲ.

ಎರಡೂ ಕಡೆಯವರು ಜಗಳವಾಡುವುದು ಒಂದೇ ಅಂಶದ ಮೇಲೆ, ಮಾತು ಎಷ್ಟು ಖಾರವಾಗಿರಬಹುದು ಎಂದು. ಆ ಅಳತೆಯೇ ತಪ್ಪು ಎಂಬುದು ಈ ಲೇಖನದ ವಾದ. ಮೆತ್ತಗಿನ ಮಾತೂ ಒಬ್ಬರನ್ನು ಬೀದಿಗೆ ಎಳೆಯಬಹುದು, ಕಟುವಾದ ಮಾತೂ ಬರೆಯುವವರ ಕೈ ಹಿಡಿಯಬಹುದು. ನೋಡಬೇಕಾದದ್ದು ಎರಡನ್ನು: ಮಾತು ಯಾರ ಮೇಲೆ ಬಿದ್ದಿದೆ, ಮತ್ತು ಅದನ್ನು ನೋಡಲು ಎಷ್ಟು ಜನರನ್ನು ಕರೆತಂದಿರಿ.

ಒಂದು ಸಾಲನ್ನು ಹತ್ತಿರದಿಂದ ನೋಡಿದರೆ

ಮೊಬೈಲ್‌ನಲ್ಲಿ ಬರೆದ ಕಥೆಗಳಲ್ಲಿ ಸಿಗುವಂಥದೇ ಒಂದು ಸಾಲನ್ನು ಉದಾಹರಣೆಗಾಗಿ ಕಟ್ಟಿಕೊಳ್ಳೋಣ:

‘ಅವನು ಏಳು ಸುತ್ತಿನ ಕೋಟೆಯ ಬಾಗಿಲಲ್ಲಿ ಬುಲೆಟ್ ನಿಲ್ಲಿಸಿದಾಗ ಸಂಜೆಯ ಸೂರ್ಯ ಅವನ ಕಣ್ಣು ನೋಡಿ ಎದರಿ ಮೋಡದ ಇಂದೆ ಓದ.’

ಬರೆದವರ ಮನಸ್ಸಿನಲ್ಲಿದ್ದದ್ದು ಹೆದರಿ, ಹಿಂದೆ, ಹೋದ. ಈ ಸಾಲನ್ನು ಟ್ರೋಲ್ ಪೇಜಿಗೆ ಹಾಕಿದರೆ ಮೊದಲು ಬರುವ ಕಮೆಂಟ್ ಯಾವುದೆಂದು ಊಹಿಸುವುದು ಕಷ್ಟವಲ್ಲ: ‘ಸೂರ್ಯ ಎಷ್ಟನೇ ಕ್ಲಾಸ್ ತನಕ ಓದಿದ?’ ನಗು ಬರುತ್ತದೆ, ಬಾರದೆ ಏನು. ಆದರೆ ಆ ನಗು ಬಿದ್ದದ್ದು ಕಥೆಯ ಮೇಲಲ್ಲ, ಹಕಾರದ ಮೇಲೆ. ಹಕಾರ ಅಕಾರದ ಗಡಿಬಿಡಿ ನಮ್ಮ ಕಡೆ ಮನೆಮಾತಿನಿಂದ ಬರುತ್ತದೆ. ಮೊಳಕಾಲ್ಮೂರು, ಚಳ್ಳಕೆರೆ ಕಡೆ ಮನೆಯಲ್ಲಿ ತೆಲುಗು ಆಡುವವರಿದ್ದಾರೆ, ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳ ತಾಂಡಾಗಳಲ್ಲಿ ಲಂಬಾಣಿ ಆಡುವವರಿದ್ದಾರೆ, ಶಾಲೆಯ ಕನ್ನಡ ಅವರಿಗೆ ಎರಡನೆಯ ಕನ್ನಡವೋ ಎರಡನೆಯ ಭಾಷೆಯೋ ಆಗಿರುತ್ತದೆ. ಹಾಗಾಗಿ ಕಾಗುಣಿತದ ಗೇಲಿ ತನಗೇ ತಿಳಿಯದಂತೆ ಊರಿನ ಗೇಲಿಯಾಗುತ್ತದೆ, ಒಮ್ಮೊಮ್ಮೆ ಜಾತಿಯ ಗೇಲಿಯಾಗುತ್ತದೆ. ಕಮೆಂಟುಗಳ ಸರಣಿ ಹತ್ತು ಹೆಜ್ಜೆ ಮುಂದೆ ಹೋಗುವಷ್ಟರಲ್ಲಿ ‘ಯಾವೂರಿನವಳಿವಳು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಸೂದೆಯ ಪಟ್ಟಿಯಲ್ಲಿ ಭಾಷೆ, ಹುಟ್ಟೂರು, ಜಾತಿ ಇರುವುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಒಂದು ಕಾಗುಣಿತದ ಜೋಕು ಅಪರಾಧವಾಗದು. ಅದು ಹಿಡಿದಿರುವ ದಾರಿ ಮಾತ್ರ ಅದೇ ಕಡೆಗಿದೆ.

ಅದೇ ಸಾಲಿಗೆ ಇನ್ನೊಂದು ಪ್ರತಿಕ್ರಿಯೆ ಹೀಗಿರಬಹುದು: ‘ಬುಲೆಟ್ ನಿಲ್ಲಿಸಿದ್ದಕ್ಕೇ ಸೂರ್ಯ ಹೆದರಿಬಿಟ್ಟರೆ ಮುಂದೆ ಅವನು ನಿಜವಾಗಿ ಸಿಟ್ಟಾದಾಗ ಏನು ಉಳಿಯುತ್ತದೆ? ಇಲ್ಲಿ ಅವನು ಸುಮ್ಮನೆ ಬಂದು ನಿಲ್ಲಲಿ. ಸೂರ್ಯನನ್ನು ಹತ್ತನೇ ಅಧ್ಯಾಯಕ್ಕೆ ಇಟ್ಟುಕೊಳ್ಳಿ.’ ಇದರಲ್ಲೂ ನಗುವಿದೆ, ರಿಯಾಯಿತಿ ಇಲ್ಲ. ಮೊದಲಿನದಕ್ಕಿಂತ ಇದೇ ಹೆಚ್ಚು ಕಟು, ಏಕೆಂದರೆ ಕಾಗುಣಿತ ತಿದ್ದಿದರೂ ಸಾಲು ನಿಲ್ಲುವುದಿಲ್ಲ ಎಂದು ಇದು ಹೇಳುತ್ತಿದೆ. ಆದರೂ ಬರೆದವರು ಇದನ್ನು ಓದಿ ನಾಳೆ ಕೂತು ಏನಾದರೂ ಮಾಡಬಹುದು. ‘ಎಷ್ಟನೇ ಕ್ಲಾಸ್’ ಎಂಬುದನ್ನು ಓದಿ ಮಾಡಬಹುದಾದದ್ದು ಒಂದೇ, ಕಥೆಯನ್ನು ಅಳಿಸುವುದು. ಕಾಗುಣಿತ ತಿದ್ದಲೇಬೇಕು, ಅನುಮಾನ ಬೇಡ. ಅದನ್ನು ಇನ್‌ಬಾಕ್ಸ್‌ನಲ್ಲಿ ಹೇಳಿದರೂ ತಿದ್ದುಪಡಿ ಅಷ್ಟೇ ಚೆನ್ನಾಗಿ ಆಗುತ್ತದೆ.

ಸ್ಕ್ರೀನ್‌ಶಾಟ್ ಮಾಡುವ ಕೆಲಸ

ಜನರನ್ನು ಕರೆತರುವುದರ ಮಾತಿಗೆ ಬರೋಣ. ಜಾತ್ರೆಯಲ್ಲಿ ಊರಿನವರೇ ಆಡುವ ನಾಟಕವನ್ನು ನೆನೆದರೆ ಇದು ಬೇಗ ತಿಳಿಯುತ್ತದೆ. ದಾವಣಗೆರೆ ವೃತ್ತಿ ಕಂಪನಿಗಳಿಗೆ ಹೆಸರಾದ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಟಿಕೆಟ್ ಕೊಟ್ಟು ಕಂಪನಿ ನಾಟಕಕ್ಕೆ ಬಂದ ಪ್ರೇಕ್ಷಕ ಚೆನ್ನಾಗಿದ್ದರೆ ‘ಒನ್ಸ್ ಮೋರ್’ ಎನ್ನುತ್ತಾನೆ, ಬೇಸರವಾದರೆ ಸಿಳ್ಳೆ ಹಾಕುತ್ತಾನೆ, ಅದು ಅವನ ಹಕ್ಕು. ಊರ ನಾಟಕದಲ್ಲಿ ದುರ್ಯೋಧನನ ಪಾತ್ರ ಹಾಕಿದ ರೈತ ಮಾತು ಮರೆತು ನಿಂತಾಗಲೂ ಜನ ನಗುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಪಕ್ಕದಿಂದ ಮಾತು ಎತ್ತಿಕೊಡುತ್ತಾರೆ, ಯಾರೋ ವೇದಿಕೆ ಹತ್ತಿ ನೋಟು ಚುಚ್ಚಿ ಇಳಿಯುತ್ತಾರೆ, ಆಟ ಮುಂದೆ ಸಾಗುತ್ತದೆ. ನಕ್ಕವರೆಲ್ಲ ಅವನನ್ನು ಬಲ್ಲವರು, ಬೆಳಿಗ್ಗೆ ಅವನ ಹೊಲದ ಬದುವಿನಲ್ಲೇ ಹಾದುಹೋಗುವವರು. ಅಲ್ಲಿನ ನಗುವಿಗೆ ಒಂದು ಎಲ್ಲೆ ಇದೆ.

ಸ್ಕ್ರೀನ್‌ಶಾಟ್ ಆ ಎಲ್ಲೆಯನ್ನು ಅಳಿಸುತ್ತದೆ. ಊರ ನಾಟಕದ ದುರ್ಯೋಧನನನ್ನು ಎತ್ತಿ ಕಂಪನಿ ಥಿಯೇಟರಿನಲ್ಲಿ ನಿಲ್ಲಿಸಿ, ಟಿಕೆಟ್ ಕೊಟ್ಟವರಿಂದ ಸಿಳ್ಳೆ ಹಾಕಿಸುತ್ತದೆ. ಆಮೇಲೆ ನಡೆಯುವುದೆಲ್ಲ ಒಂದರಿಂದ ಒಂದು ಹುಟ್ಟುತ್ತದೆ. ಸಾಲು ಮಾತ್ರ ಕತ್ತರಿಸಿ ಹಾಕುವುದರಿಂದ ಹಿಂದುಮುಂದಿನ ಕಥೆ ಕಾಣುವುದಿಲ್ಲ, ಇದ್ದದ್ದಕ್ಕಿಂತ ಪೆದ್ದಾಗಿ ಕಾಣುತ್ತದೆ. ಪೆದ್ದಾಗಿ ಕಂಡಷ್ಟೂ ಶೇರ್ ಹೆಚ್ಚು. ಶೇರ್ ಹೆಚ್ಚಿದಂತೆ ಮೂಲ ಹುಡುಕುವವರು ಹೆಚ್ಚುತ್ತಾರೆ. ಸಾಲನ್ನು ಸರ್ಚ್ ಮಾಡಿದರೆ ಕಥೆ, ಕಥೆಯಿಂದ ಪ್ರೊಫೈಲ್, ಪ್ರೊಫೈಲಿನಿಂದ ಇನ್‌ಸ್ಟಾಗ್ರಾಂ, ಅಲ್ಲಿಂದ ಕಾಲೇಜು. ಪೇಜ್ ನಡೆಸುವವರು ‘ನಾವು ಹೆಸರು ಹಾಕಿಲ್ಲ’ ಎನ್ನಬಹುದು. ಆದರೆ ಹುಡುಕಲು ಬೇಕಾದ ಸಾಲನ್ನು ಹಾಗೇ ಬಿಟ್ಟದ್ದು ಅವರೇ. ಸಣ್ಣ ಊರಿನಲ್ಲಿ ಇದರ ಪೆಟ್ಟು ಇನ್ನೂ ಜೋರು. ಬೆಂಗಳೂರಿನಲ್ಲಿ ಇಂಥದ್ದು ಎರಡು ದಿನಕ್ಕೆ ಮರೆಯಾಗುತ್ತದೆ. ದಾವಣಗೆರೆಯ ವಿದ್ಯಾನಗರದಲ್ಲಿ ಬಸ್ಸಿಗೆ ಕಾಯುವ ಹುಡುಗಿಯನ್ನು ಪಕ್ಕದ ಬೀದಿಯವರು ಗುರುತು ಹಿಡಿಯುತ್ತಾರೆ, ಸುದ್ದಿ ಮನೆಗೆ ಮುಟ್ಟುತ್ತದೆ. ಮನೆಯವರಿಗೆ ಕಥೆಯ ಗುಣಮಟ್ಟ ಬೇಕಿಲ್ಲ. ಮಗಳು ಯಾರೋ ನಟನ ಮೇಲೆ ಪ್ರೇಮಕಥೆ ಬರೆದಿದ್ದಾಳೆ ಎಂಬುದೇ ಸಾಕು, ಮೊಬೈಲ್ ಕಸಿಯಲು. ಅಭಿಮಾನಿ ಕಥೆ ಬರೆಯುವವರಲ್ಲಿ ಹುಡುಗಿಯರೇ ಹೆಚ್ಚು ಎಂಬುದನ್ನು ಮರೆತು ಈ ಶಿಷ್ಟಾಚಾರದ ಮಾತಾಡಿದರೆ ಅರ್ಧ ಸತ್ಯ ಬಿಟ್ಟಂತೆ.

ಹದಿನೆಂಟು ತುಂಬದವರ ವಿಷಯದಲ್ಲಿ ನನ್ನ ನಿಲುವು ನೇರ: ಅವರ ಬರಹವನ್ನು ದೊಡ್ಡ ಪೇಜಿಗೆ ತಂದು ನಗಿಸಬಾರದು. ಬರೆದವರ ವಯಸ್ಸು ತಿಳಿಯದಿದ್ದರೆ, ಅವರು ಚಿಕ್ಕವರೆಂದೇ ಎಣಿಸಬೇಕು. ಇದಕ್ಕೆ ವಿನಾಯಿತಿ ಕಾಣುವುದಿಲ್ಲ.

ಹವ್ಯಾಸಿ ಎಂಬುದು ಎಲ್ಲಕ್ಕೂ ರಕ್ಷೆಯಲ್ಲ

ಆದರೆ ಹವ್ಯಾಸಿಗಳಿಗೆ ಕೊಡುವ ರಿಯಾಯಿತಿಗೆ ಒಂದು ವಿನಾಯಿತಿ ಇದೆ, ಅದು ಬರೆಯುವವರ ವಿರುದ್ಧವೇ ಇದೆ. ಪಾತ್ರವನ್ನು ಬಿಟ್ಟು, ಬದುಕಿರುವ ನಟಿಯನ್ನೋ ಕ್ರಿಕೆಟಿಗನ ಹೆಂಡತಿಯನ್ನೋ ಹೆಸರು ಹಿಡಿದು ಮಲಗುವ ಕೋಣೆಗೆ ಎಳೆಯುವ ಕಥೆಗಳೂ ಅಭಿಮಾನದ ಹೆಸರಿನಲ್ಲೇ ಬರುತ್ತವೆ. ಅಲ್ಲಿ ನೋವಾಗುವುದು ಬರೆದವರಿಗಲ್ಲ, ಬರೆಸಿಕೊಂಡವರಿಗೆ. ‘ನಾನು ಹವ್ಯಾಸಿ, ಟೀಕಿಸಬೇಡಿ’ ಎಂಬ ಮಾತು ಅಲ್ಲಿ ಸಲ್ಲುವುದಿಲ್ಲ. ಟೀಕೆಯನ್ನಷ್ಟೇ ಅಲ್ಲ, ದೂರನ್ನೂ ಅವರು ಎದುರಿಸಬೇಕಾಗುತ್ತದೆ. ದುರ್ಗದಲ್ಲಿ ಓಬವ್ವ, ಮದಕರಿ ನಾಯಕರನ್ನಿಟ್ಟುಕೊಂಡು ಬರೆಯುವವರಿಗೂ ಇದೇ ಬಗೆಯ, ಬೇರೆ ಕಾರಣದ ಎಚ್ಚರ ಬೇಕು. 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದ ಕಥೆ ಇಲ್ಲಿನ ಜನರಿಗೆ ಇನ್ನೂ ಮನೆಯ ಮಾತು. ಅಲ್ಲಿ ಇತಿಹಾಸದ ತಪ್ಪನ್ನು ಎತ್ತಿ ತೋರಿಸುವ ಓದುಗರನ್ನು ‘ಟ್ರೋಲ್’ ಎಂದು ಅಟ್ಟುವುದು ಸರಿಯಲ್ಲ.

ಸಾಲು ಎತ್ತಿಕೊಳ್ಳುವ ಹಕ್ಕು

ಕೃತಿಸ್ವಾಮ್ಯದ ಬಗ್ಗೆ ಎರಡೂ ಕಡೆ ತಪ್ಪು ತಿಳಿವಳಿಕೆ ಇದೆ. ‘ನನ್ನ ಕಥೆಯ ಒಂದು ಸಾಲನ್ನೂ ಯಾರೂ ಎತ್ತುವಂತಿಲ್ಲ’ ಎನ್ನುವವರು 1957ರ ಕಾಯ್ದೆಯ 52ನೇ ಕಲಂ ನೋಡಬೇಕು. ವಿಮರ್ಶೆಗಾಗಿ ನ್ಯಾಯವಾಗಿ ಬಳಸಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಅಣಕಕ್ಕೂ ನ್ಯಾಯಾಲಯದಲ್ಲಿ ಜಾಗ ಸಿಕ್ಕಿದೆ. ತೋಪ್ಪಿಲ್ ಭಾಸಿ ಅವರ ಹೆಸರಾಂತ ಮಲಯಾಳಂ ನಾಟಕಕ್ಕೆ ಸಿವಿಕ್ ಚಂದ್ರನ್ ಪ್ರತಿನಾಟಕ ಬರೆದಾಗ ವಿವಾದ ಕೇರಳ ಹೈಕೋರ್ಟಿಗೆ ಹೋಯಿತು. 1996ರ ತೀರ್ಪು ಪ್ರತಿನಾಟಕದ ಕಡೆಗಿತ್ತು: ಎಷ್ಟು ಎತ್ತಿಕೊಂಡಿದ್ದಾರೆ, ಯಾವ ಉದ್ದೇಶಕ್ಕೆ, ಮೂಲದ ಮಾರುಕಟ್ಟೆಯನ್ನು ಅದು ಕಸಿಯುತ್ತದೆಯೇ ಎಂದು ನೋಡಬೇಕು ಎಂದಿತು ಕೋರ್ಟು.

ಇತ್ತ, ‘ಅಭಿಮಾನಿ ಕಥೆಗೆ ಹಕ್ಕೇ ಇಲ್ಲ, ಪೂರ್ತಿ ಎತ್ತಬಹುದು’ ಎನ್ನುವ ಪೇಜಿನವರೂ ತಪ್ಪಿದ್ದಾರೆ. ಪಾತ್ರ ಬೇರೆಯವರದಾದರೂ ವಾಕ್ಯ ಬರೆದವರದು. ಹತ್ತು ಅಧ್ಯಾಯವನ್ನು ಒಂದೊಂದಾಗಿ ಓದಿ ನಡುನಡುವೆ ನಕ್ಕು, ಅದರಿಂದ ವ್ಯೂಸ್ ಗಳಿಸುವುದನ್ನು ವಿಮರ್ಶೆ ಎಂದು ಕರೆದರೆ ಕೋರ್ಟಿನ ಆ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದು ಕಷ್ಟ.

ರಿಪೋರ್ಟ್ ಗುಂಡಿ ಒತ್ತಿದಾಗ

ಗೇಲಿಗೆ ಒಳಗಾದವರು ಅಥವಾ ಅವರ ಪರವಾಗಿ ಬರುವವರು ಮೊದಲು ಹಿಡಿಯುವ ಅಸ್ತ್ರ ಗುಂಪಾಗಿ ರಿಪೋರ್ಟ್ ಹೊಡೆಯುವುದು. ಇದು ಎಲ್ಲಿಗೆ ಹೋಗಬಹುದೆಂದು 2020ರಲ್ಲಿ ಚೀನಾ ತೋರಿಸಿತು. ನಟ ಶಿಯಾವೋ ಜಾನ್ ಅವರನ್ನು ಪಾತ್ರವಾಗಿಸಿದ ಒಂದು ಅಭಿಮಾನಿ ಕಥೆ ಅವರ ಕೆಲವು ಅಭಿಮಾನಿಗಳಿಗೆ ಹಿಡಿಸಲಿಲ್ಲ. ಗುಂಪು ಕಟ್ಟಿ ಸರ್ಕಾರಕ್ಕೆ ದೂರು ಕೊಟ್ಟರು. ಫೆಬ್ರುವರಿ ಕೊನೆಗೆ ಮೇಲೆ ಹೇಳಿದ ಆರ್ಕೈವ್ ಇಡೀ ಚೀನಾದಲ್ಲಿ ಬಂದ್ ಆಯಿತು. ಸಿಟ್ಟಿಗೆದ್ದ ಮಿಕ್ಕ ಓದುಗರು ನಟನ ಜಾಹೀರಾತು ಕಂಪನಿಗಳ ಮೇಲೆ ಬಹಿಷ್ಕಾರ ಹೂಡಿದರು. ಒಂದು ಕಥೆ ಬೇಡವೆಂದು ಹೊರಟವರು ಎಲ್ಲರ ಕಥೆಯನ್ನೂ, ತಮ್ಮ ನಟನ ನೆಮ್ಮದಿಯನ್ನೂ ಕಳೆದರು.

ನಮ್ಮಲ್ಲಿ ಇದೇ ನಡೆಯುತ್ತದೆ ಎಂದಲ್ಲ. ಹೊಸ ಮಸೂದೆ ಇರಲಿ, ಇದ್ದ ಕಾಯ್ದೆಗಳಿರಲಿ, ಚಿಕ್ಕ ಜಗಳಕ್ಕೆ ದೊಡ್ಡ ಕಾನೂನು ತಂದರೆ ಅದು ತಂದವರ ಮಾತು ಕೇಳಿ ನಿಲ್ಲುವುದಿಲ್ಲ. ಇಂದು ಗೇಲಿ ಮಾಡಿದವನ ಮೇಲೆ ಕೊಟ್ಟ ದೂರಿನ ಮಾದರಿಯನ್ನೇ ನಾಳೆ ಯಾವುದೋ ಸಂಘಟನೆ ಕಥೆ ಬರೆದವರ ಮೇಲೆ ಕೊಡುತ್ತದೆ. ಬೆದರಿಕೆ, ಅಶ್ಲೀಲ ಸಂದೇಶ, ವಿಳಾಸ ಬಯಲು ಮಾಡುವುದು ನಡೆದಿದ್ದರೆ ಖಂಡಿತ ಠಾಣೆಗೆ ಹೋಗಬೇಕು. ಮಿಕ್ಕದ್ದಕ್ಕೆ ಬ್ಲಾಕ್ ಗುಂಡಿ ಸಾಕು.

ಮುಂದೆ ಆಗಬಹುದಾದದ್ದು

ಗೇಲಿ ಈಗಿನಂತೆಯೇ ನಡೆದರೆ ಹವ್ಯಾಸಿಗಳು ಬರೆಯುವುದನ್ನು ನಿಲ್ಲಿಸುವುದಿಲ್ಲ, ಬಾಗಿಲು ಹಾಕಿಕೊಂಡು ಬರೆಯುತ್ತಾರೆ. ವಾಟ್ಸಾಪ್ ಗುಂಪು, ಟೆಲಿಗ್ರಾಂ ಚಾನೆಲ್, ಬೀಗ ಹಾಕಿದ ಇನ್‌ಸ್ಟಾಗ್ರಾಂ ಖಾತೆ. ಒಳಗೆ ಬರುವವರೆಲ್ಲ ಗೆಳೆಯರು, ಹಾಗಾಗಿ ಅಲ್ಲಿ ‘ಸೂಪರ್ ಅಕ್ಕ’ ಬಿಟ್ಟು ಬೇರೆ ಮಾತಿಗೆ ಜಾಗವೇ ಇರುವುದಿಲ್ಲ. ಗೇಲಿ ಮಾಡಿದವರು ದೂರಿದ್ದು ಯಾವುದನ್ನೋ, ಅವರ ಗೇಲಿಯೇ ಅದನ್ನು ಬೆಳೆಸುತ್ತದೆ. ಅಷ್ಟೇ ಅಲ್ಲ, ಕೆನ್ನೆಗೆ ಬಾರಿಸುವ ನಾಯಕನ ಕಥೆಯೂ ಟೀಕೆಗೆ ಸಿಗದೆ ಒಳಗೇ ಬೆಳೆಯುತ್ತದೆ.

ಈಗ ಇನ್ನೊಂದು ಆರೋಪವೂ ಸೇರಿಕೊಂಡಿದೆ: ಸಾಲು ಚೆನ್ನಾಗಿದ್ದರೆ ‘ಎಐ ಬರೆದದ್ದು’, ಕೆಟ್ಟದಾಗಿದ್ದರೆ ‘ನೀನೇ ಬರೆದದ್ದು’. ಸಾಕ್ಷಿಯಿಲ್ಲದೆ ಈ ಮಾತು ಆಡುವುದು ಗೇಲಿಗಿಂತ ಕೀಳು, ಏಕೆಂದರೆ ಇದನ್ನು ಅಲ್ಲಗಳೆಯಲು ಬರೆದವರಿಗೆ ದಾರಿಯೇ ಇಲ್ಲ. ಕಷ್ಟಪಟ್ಟು ತಿದ್ದಿಕೊಂಡವರಿಗೇ ಇದು ಹೆಚ್ಚು ತಗಲುತ್ತದೆ.

ಬದಲಾವಣೆ ದೊಡ್ಡದೇನೂ ಬೇಕಿಲ್ಲ. ಕಥೆಯ ಮೊದಲ ಸಾಲಿನಲ್ಲಿ ‘ತಪ್ಪು ತಿಳಿಸಿ’ ಅಥವಾ ‘ಸುಮ್ಮನೆ ಖುಷಿಗೆ ಬರೆದದ್ದು’ ಎಂದು ಬರೆದವರು ಹಾಕಬಹುದು. ಮೊದಲನೆಯದನ್ನು ಹಾಕಿದವರು ಕಟು ಮಾತಿಗೂ ಸಿದ್ಧರಿರಬೇಕು. ಎರಡನೆಯದನ್ನು ಕಂಡ ಓದುಗರು ಹಿಡಿಸದಿದ್ದರೆ ಮುಂದೆ ಹೋಗಬೇಕು. ದಾವಣಗೆರೆ ವಿಶ್ವವಿದ್ಯಾಲಯದ, ಎರಡೂ ಜಿಲ್ಲೆಗಳ ಪದವಿ ಕಾಲೇಜುಗಳ ಕನ್ನಡ ವಿಭಾಗಗಳು ಮಕ್ಕಳು ಮೊಬೈಲ್‌ನಲ್ಲಿ ಬರೆಯುತ್ತಿರುವುದನ್ನು ತರಗತಿಗೆ ತರಿಸಿ, ಹೆಸರು ಮುಚ್ಚಿ ಓದಿಸಿದರೆ, ವಿಮರ್ಶೆ ಮಾಡುವುದು ಹೇಗೆಂದು ಬರೆಯುವವರೂ ನಗುವವರೂ ಒಂದೇ ಬೆಂಚಿನಲ್ಲಿ ಕಲಿಯುತ್ತಾರೆ. ಅಣಕಿಸಲೇಬೇಕು ಎನ್ನುವ ಪೇಜಿನವರು ಹತ್ತು ಕಥೆಗಳಲ್ಲಿ ಕಂಡ ಒಂದು ರೂಢಿಯನ್ನು ಹಿಡಿದು ತಾವೇ ಒಂದು ಕಥೆ ಕಟ್ಟಲಿ, ಸೂರ್ಯನನ್ನು ಹೆದರಿಸುವ ನಾಯಕನನ್ನು ಅವರೇ ಬರೆಯಲಿ. ಅದಕ್ಕೆ ಕೈಚಳಕ ಬೇಕು, ಸ್ಕ್ರೀನ್‌ಶಾಟಿಗೆ ಬೇಡ.

ಮತ್ತೆ, ಬರೆದವರು ಕಥೆ ಅಳಿಸಿದ ಮೇಲೆ ಅದರ ಮೇಲಿನ ರೀಲ್ ಕೂಡ ಹೋಗಬೇಕು. ಹಾಗೆ ಮಾಡದ ಪೇಜಿನ ಮೇಲೆ ಆಯಾ ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಬರೆಯಬಹುದು. 2021ರ ಐಟಿ ನಿಯಮಗಳ ಪ್ರಕಾರ ಅಂಥ ಅಧಿಕಾರಿಯ ಹೆಸರು, ಸಂಪರ್ಕ ಪ್ರತಿ ಆ್ಯಪ್‌ನಲ್ಲೂ ಇರಲೇಬೇಕು. ಹಾಗೆ ಬರೆಯುವಾಗ ‘ನನ್ನನ್ನು ಅವಮಾನಿಸಿದ್ದಾರೆ’ ಎಂಬುದರ ಜೊತೆಗೆ ತಮ್ಮ ಕಥೆಯ ಎಷ್ಟು ಭಾಗವನ್ನು ಹಾಗೇ ಎತ್ತಿದ್ದಾರೆ, ಹೆಸರು ಊರು ಬಯಲಾಗಿದೆಯೇ, ಬರೆದವರ ವಯಸ್ಸು ಹದಿನೆಂಟರೊಳಗೇ ಎಂಬುದನ್ನು ಸ್ಪಷ್ಟವಾಗಿ ಹಾಕಬೇಕು. ಅವಮಾನದ ಮಾತು ಒಂದಕ್ಕೇ ಅವರು ಕ್ರಮ ಕೈಗೊಳ್ಳದಿರಬಹುದು, ಉಳಿದ ಮೂರನ್ನು ಬದಿಗೆ ಸರಿಸುವುದು ಸುಲಭವಲ್ಲ.